ಕೆಮ್ಮೋ ನಗುವೋ: ಬೆಟಗೇರಿಯ ಒಂದು ಷಟ್ಪದಿಯ ಪ್ರಕರಣ

ಊರಿನಲ್ಲಿ ಒಮ್ಮೆ ಕವಿ ಎಂದು ಹೆಸರಾದರೆ ಸಾಕು, ಮನೆಬಾಗಿಲಿಗೆ ಬರುವ ಕೇಳಿಕೆಗಳಿಗೆ ಲೆಕ್ಕವಿರುವುದಿಲ್ಲ. ಮದುವೆಯ ಕರೆಯೋಲೆಗೆ ನಾಲ್ಕು ಸಾಲು, ಶಾಲೆಯ ಸ್ಮರಣ ಸಂಚಿಕೆಗೆ ಒಂದು ಪುಟ, ನಿವೃತ್ತರಾಗುವ ಮುಖ್ಯೋಪಾಧ್ಯಾಯರಿಗೆ ಬೀಳ್ಕೊಡುಗೆಯ ಕವನ. ನಾನು ಎರಡು ಕವನ ಸಂಕಲನ ತಂದವಳು. ಎರಡರಲ್ಲಿಯೂ ಛಂದಸ್ಸಿಗೆ ಕಟ್ಟುಬಿದ್ದ ಒಂದು ಪದ್ಯವೂ ಇಲ್ಲ. ಆದರೆ ಗದಗದಲ್ಲಿ ನನ್ನನ್ನು ಗುರುತಿಸಿ ಮಾತನಾಡಿಸುವವರಲ್ಲಿ ಹೆಚ್ಚಿನವರು ಆ ಸಂಕಲನಗಳನ್ನು ಓದಿದವರಲ್ಲ. ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ನನ್ನ ಸಾಲು ಕಂಡವರು. ಬಹಳ ವರ್ಷ ಈ ಕೆಲಸವನ್ನು ನಾನು ಬರವಣಿಗೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಲ್ಲಿ ಬಿಡಿಸಿಡುತ್ತಿರುವುದು ಆ ಲೆಕ್ಕ ತಿದ್ದಿದ ಒಂದು ಪ್ರಕರಣವನ್ನು. ಒಟ್ಟು ಆರು ಸಾಲು, ಹತ್ತೊಂಬತ್ತು ದಿನ.

ಕೇಳಿಕೆ

ಒಂದು ಭಾನುವಾರ ಗದಗಕ್ಕೆ ಹೊಂದಿಕೊಂಡ ಬೆಟಗೇರಿಯಿಂದ ನೇಕಾರರ ಮನೆಯ ಮಗನೊಬ್ಬರು ಬಂದರು. ತಂದೆ ತೀರಿಕೊಂಡು ವರ್ಷವಾಗುತ್ತಿತ್ತು. ಪ್ರಥಮ ಪುಣ್ಯಸ್ಮರಣೆಗೆ ಇಪ್ಪತ್ತನಾಲ್ಕು ದಿನ ಉಳಿದಿತ್ತು. ಆ ದಿನ ಕಾವ್ಯವನ್ನು ರಾಗವಾಗಿ ಹಾಡಿ ಓದುವ ಗಮಕಿಗಳನ್ನು ಕರೆಸಿ ಭಾರತ ವಾಚನ ಮಾಡಿಸುವುದಿತ್ತು. ವಾಚನಕ್ಕೆ ಮೊದಲು ತಂದೆಯ ಮೇಲೆ ಒಂದು ಪದ್ಯ ಹಾಡಿಸಬೇಕು, ಅದನ್ನೇ ಕಾರ್ಡಿನ ಮೇಲೂ ಅಚ್ಚು ಹಾಕಿಸಬೇಕು ಎಂಬುದು ಅವರ ಬಯಕೆ. ಷರತ್ತು ಒಂದೇ: ಪದ್ಯ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿಯೇ ಇರಬೇಕು.

ಈ ಷರತ್ತಿಗೆ ಕಾರಣವಿತ್ತು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಆ ಹಿರಿಯರು ಶ್ರಾವಣ ಬಂದರೆ ಗುಡಿಯಲ್ಲಿ ವಾಚನ ಕೇಳುವುದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕೇಳಿ ಕೇಳಿಯೇ ಎಷ್ಟೋ ಪದ್ಯ ಅವರಿಗೆ ಬಾಯಿಪಾಠವಾಗಿದ್ದವು. ಮಗ್ಗದ ಮೇಲೆ ಕುಳಿತಾಗ ಗುನುಗುತ್ತಿದ್ದರು. ಗದಗದಲ್ಲಿ ಇದು ಅಪರೂಪದ ಸಂಗತಿಯಲ್ಲ. ಕೋಳಿವಾಡದಿಂದ ಬಂದ ಕುಮಾರವ್ಯಾಸ ಇಲ್ಲಿಯ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತದ ಹತ್ತು ಪರ್ವಗಳನ್ನು ಕನ್ನಡಿಸಿದ ಎಂಬುದು ಊರಿಗೆ ಊರೇ ನಂಬಿದ ಮಾತು. ಅವನು ಒರಗಿ ಕುಳಿತ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಮಿಂದು ಬಂದು, ಮೈಮೇಲಿನ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದ ಎಂಬ ಕಥೆಯನ್ನು ಇಲ್ಲಿಯ ಮಕ್ಕಳು ಅಜ್ಜಿಯರ ಬಾಯಿಂದಲೇ ಕೇಳಿರುತ್ತಾರೆ. ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳ ಆ ಕಾವ್ಯ ನಡೆಯುವುದು ಭಾಮಿನಿಯ ನಡಿಗೆಯಲ್ಲಿ. ಆ ನೇಕಾರರ ಕಿವಿಗೆ ಪದ್ಯವೆಂದರೆ ಆ ನಡಿಗೆಯೇ.

“ಎಷ್ಟಾಗುತ್ತದೆ?” ಎಂದು ಮಗ ಕೇಳಿದರು. ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪೆಂಡಾಲಿನವರಿಗೆ, ಅಡುಗೆಯವರಿಗೆ, ಮುದ್ರಣಾಲಯಕ್ಕೆ, ಹಾಡುವವರಿಗೆ ಹಣ ಸಲ್ಲುತ್ತದೆ. ಪದ್ಯಕ್ಕೆ ಮಾತ್ರ ಶಾಲು, ಹಾರ, ಒಂದು ತೆಂಗಿನಕಾಯಿ. ನಾನು ಧೈರ್ಯ ಮಾಡಿ, ಗಮಕಿಗಳಿಗೆ ಕೊಡುವುದರ ಅರ್ಧ ಕೊಡಿ ಎಂದೆ. ಅವರು ಕೂಡಲೇ ಒಪ್ಪಿದರು. ನೇಯ್ದ ಸೀರೆಯ ಕೂಲಿಗಾಗಿ ಇಡೀ ಬದುಕು ಚೌಕಾಸಿ ಮಾಡಿದ ಮನೆಯವರಿಗೆ ಕೈಕೆಲಸದ ಬೆಲೆಯನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಯಾರಿಗಾದರೂ ಒಪ್ಪುವ ಪದ್ಯ

ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನವೂ ರೈಲು. ನನ್ನ ಬರವಣಿಗೆಯೆಲ್ಲ ಬೆಳಗಿನ ಆ ಒಂದು ಗಂಟೆಯ ಆಸುಪಾಸಿನಲ್ಲಿ ನಡೆಯುತ್ತದೆ. ಹುಲಕೋಟಿ ದಾಟುವವರೆಗೆ ನಿನ್ನೆ ಬರೆದದ್ದನ್ನು ಓದುತ್ತೇನೆ, ಅಣ್ಣಿಗೇರಿಯ ಹೊತ್ತಿಗೆ ಅದರಲ್ಲಿ ಅರ್ಧವನ್ನು ಹೊಡೆದು ಹಾಕಿರುತ್ತೇನೆ, ಕುಸುಗಲ್ ಬಂದರೆ ಪುಸ್ತಕ ಚೀಲಕ್ಕೆ ಸೇರುತ್ತದೆ. ಸಂಜೆಯ ಗಾಡಿಯಲ್ಲಿ ಬರೆಯಲು ಆಗುವುದಿಲ್ಲ. ದಣಿವು, ನಿಂತು ಬರುವ ಜನ, ಮನೆಗೆ ಒಯ್ಯಬೇಕಾದ ಕಾಯಿಪಲ್ಲೆಯ ಯೋಚನೆ. ಕವಿಯ ದಿನವೆಂದರೆ ಏನೋ ಬೇರೆಯೇ ಇರುತ್ತದೆ ಎಂದುಕೊಳ್ಳುವ ಎಳೆಯರು ನನ್ನನ್ನು ಆಗಾಗ ಕೇಳುತ್ತಾರೆ. ಇದೇ ದಿನ. ಇದರಲ್ಲಿ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡದೆ ಕಾದುಕೊಳ್ಳುವುದೇ ದೊಡ್ಡ ಕೆಲಸ.

ಮೊದಲ ವಾರದಲ್ಲಿಯೇ ಒಂದು ಪದ್ಯ ಸಿದ್ಧವಾಯಿತು. ಅದರ ಮೊದಲೆರಡು ಸಾಲು ಹೀಗಿದ್ದವು:

ಸರಳ ಜೀವನ ಶರಣ ನಡೆನುಡಿ
ಕರುಣೆಯೊಡಲಿನ ಕರ್ಮಯೋಗಿಯು

ಲೆಕ್ಕ ಸರಿಯಾಗಿತ್ತು. ಮಾತ್ರೆ ಎಂದರೆ ಉಚ್ಚಾರದ ಅಳತೆ, ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು. ಗಣವೆಂದರೆ ಮಾತ್ರೆಗಳ ಗುಂಪು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡೆರಡು ಸಲ ಬಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ 23. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದು ಆದಿಪ್ರಾಸ. ನನ್ನ ಸಾಲುಗಳಲ್ಲಿ ಇದೆಲ್ಲ ಇತ್ತು. ಇಲ್ಲದಿದ್ದದ್ದು ಆ ಮನುಷ್ಯ. ಸರಳ ಜೀವನ, ಕರ್ಮಯೋಗಿ ಎಂಬ ಮಾತುಗಳನ್ನು ಗದಗ ಜಿಲ್ಲೆಯಲ್ಲಿ ಅಂಟಿಸಿದ ಯಾವ ಶ್ರದ್ಧಾಂಜಲಿ ಫಲಕದ ಮೇಲಾದರೂ ಓದಬಹುದು. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತವೆ. ಮೂರು ದಿನ ಆ ಪದ್ಯವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ಕೊಟ್ಟಿದ್ದರೆ ಅವರು ಸಂತೋಷದಿಂದ ಒಯ್ಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಕೊಡಲು ಮನಸ್ಸು ಒಪ್ಪಲಿಲ್ಲ.

ಸಂದರ್ಭಕ್ಕಾಗಿ ಬರೆದುಕೊಡುವ ಪದ್ಯ ಎರಡನೆಯ ದರ್ಜೆಯದು ಎಂಬ ಭಾವನೆ ನಮ್ಮ ಸಾಹಿತ್ಯದ ಓಣಿಗಳಲ್ಲಿ ಗಟ್ಟಿಯಾಗಿದೆ. ಗದಗದವರಾದ ನಾವು ಅದನ್ನು ನಂಬಬೇಕಾಗಿಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹಾಡಿದ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಗೀತೆಯನ್ನು ಬರೆದವರು ನಮ್ಮೂರಿನ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರು. ಒಂದು ಸಭೆಯಲ್ಲಿ ಹಾಡಿದ ಆ ಹಾಡು, 1956ರಲ್ಲಿ ನಾಡು ಒಂದಾಗುವವರೆಗೆ, ಆಮೇಲೆಯೂ ಜನರ ಬಾಯಲ್ಲಿ ಉಳಿಯಿತು. ಬರೆಯಲು ಸಂದರ್ಭ ಇತ್ತೋ ಇಲ್ಲವೋ ಎಂಬುದರಿಂದ ಪದ್ಯದ ತೂಕ ತೀರ್ಮಾನವಾಗುವುದಿಲ್ಲ. ನನ್ನ ಮೊದಲ ಕರಡಿನ ತೊಂದರೆ ಅದು ಬರೆದುಕೊಟ್ಟದ್ದೆಂಬುದಲ್ಲ. ಆ ಮನೆಗೆ ಹೋಗದೆಯೇ ಬರೆದದ್ದು.

ಮಗ್ಗದ ಮುಂದೆ

ಎರಡನೆಯ ಶನಿವಾರ ಹೋದೆ. ಓಣಿಯ ಬಹುಪಾಲು ಮನೆಗಳಲ್ಲಿ ವಿದ್ಯುತ್ ಮಗ್ಗದ ಸದ್ದು. ಈ ಮನೆಯಲ್ಲಿ ಮಾತ್ರ ಹಿಂದಿನ ಪಡಸಾಲೆಯಲ್ಲಿ ಹಿರಿಯರ ಕುಣಿಮಗ್ಗ ಹಾಗೆಯೇ ಇತ್ತು. ನೆಲದಲ್ಲಿ ಅಗೆದ ಕುಣಿ, ಅದರೊಳಗೆ ಕಾಲಿಳಿಬಿಟ್ಟು ಕೂರುವುದು. ಕುಣಿಯ ಅಂಚಿನಲ್ಲಿ ಅವರು ಐವತ್ತು ವರ್ಷ ಕುಳಿತ ಜಾಗದ ಮಣ್ಣು ನುಣ್ಣಗೆ, ಕರ್ರಗೆ ಹೊಳೆಯುತ್ತಿತ್ತು. ರಜೆಯಿದ್ದುದರಿಂದ ಮೊಮ್ಮಗ ಮಗ್ಗದ ಮೇಲೆ ಕುಳಿತಿದ್ದ, ಅವನಿಗಿನ್ನೂ ಹದಿನಾಲ್ಕು.

ಮಗ್ಗದ ಲಯ ಮತ್ತು ಭಾಮಿನಿಯ ಲಯ ಒಂದೇ ಎಂದು ಬರೆಯುವ ಆಸೆ ನನಗಿತ್ತು. ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಅರ್ಧ ದಿನ ಕಿವಿಗೊಟ್ಟು ಕುಳಿತೆ. ಕಾಲಿನ ತುಳಿತ, ಲಾಳಿಯ ಓಟ, ಹಣಿಗೆಯ ಬಡಿತ. ಮೂರು. ಮತ್ತೆ ಮೂರು. ನಾಲ್ಕರ ಗಣ ಅಲ್ಲಿ ಎಲ್ಲಿಯೂ ಇಲ್ಲ. ಆರು ಬಗೆಯ ಷಟ್ಪದಿಗಳಲ್ಲಿ ಮೂರು ಮಾತ್ರೆಯ ಗಣಗಳಿಂದಲೇ ನಡೆಯುವುದು ಭೋಗ ಷಟ್ಪದಿ. ಮಗ್ಗದ ನಡಿಗೆ ಅದಕ್ಕೆ ಹತ್ತಿರ. ಭೋಗದಲ್ಲಿಯೇ ಬರೆಯಲೇ ಎಂದು ಮಗನನ್ನು ಕೇಳಿದೆ. “ಅಪ್ಪ ಕೈಯಲ್ಲಿ ನೇಯುತ್ತಿದ್ದದ್ದು ಬೇರೆ, ಬಾಯಲ್ಲಿ ಹಾಡುತ್ತಿದ್ದದ್ದು ಬೇರೆ. ನಮಗೆ ಬಾಯಲ್ಲಿದ್ದದ್ದು ಬೇಕು” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪದ್ಯ ಸಿಕ್ಕಿದ್ದು ಅಜ್ಜಿಯಿಂದ, ಅಂದರೆ ತೀರಿಕೊಂಡವರ ಹೆಂಡತಿಯಿಂದ. ಅವರು ಒಂದೆಡೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಗಂಡನ ಗುಣಗಳನ್ನು ಹೇಳಿ ಎಂದಾಗ ಸುಮ್ಮನಾದರು. ಕೆಲಸ ಹೇಗೆ ಮಾಡುತ್ತಿದ್ದರು ಎಂದು ಕೇಳಿದಾಗ ಮಾತು ಬಂತು. ವಿದ್ಯುತ್ ಹೋದರೂ ಅವರು ಏಳುತ್ತಿರಲಿಲ್ಲವಂತೆ. ಹಾಸಿನ ಮೇಲೆ ಬೆರಳ ತುದಿ ಆಡಿಸಿ ಎಲ್ಲಿ ಎಳೆ ಹರಿದಿದೆ ಎಂದು ಕತ್ತಲಲ್ಲಿಯೇ ಹಿಡಿಯುತ್ತಿದ್ದರು, ಅಲ್ಲಿಯೇ ಗಂಟು ಹಾಕುತ್ತಿದ್ದರು. ಬೆಳಗಾದ ಮೇಲೆ ಹುಡುಕಿದರೂ ಗಂಟು ಕಾಣುತ್ತಿರಲಿಲ್ಲ. ಅಜ್ಜಿ ಇದನ್ನು ಹೇಳುವಾಗ ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ಒಮ್ಮೆ ಹೊಸೆದು ತೋರಿಸಿದರು, ಅಷ್ಟೇ ಗಂಟು. “ರಾತ್ರಿ ಅವರು ಮಗ್ಗದ ಮೇಲೆ ಇದ್ದಾರೆ ಎಂಬುದು ನನಗೆ ಗೊತ್ತಾಗುತ್ತಿದ್ದದ್ದು ಕೆಮ್ಮಿನಿಂದ” ಎಂದೂ ಹೇಳಿದರು. ನೂಲಿನ ದೂಳು ಕುಡಿದ ಎದೆ. ಸಣ್ಣ, ಒಣ ಕೆಮ್ಮು. ಲಾಳಿ ನಿಂತಾಗ ಅದು ಕೇಳಿಸುತ್ತಿತ್ತು.

ಅಂದು ಸಂಜೆಯೇ ಚೀಲದಲ್ಲಿದ್ದ ಪದ್ಯವನ್ನು ಹರಿದೆ.

ಗಮಕಿಗಳ ಕಿವಿ

ಹೊಸ ಪದ್ಯದ ಮೊದಲ ಅರ್ಧ ಹೀಗೆ ಬಂತು:

ಎಳೆಯು ಹರಿದುದ ಬೆರಳ ತುದಿಯಲಿ
ತಿಳಿದು ಕತ್ತಲಲ್ಲಿ ಮಗ್ಗವನು
ನಿಲಿಸಿ ಕಾಣದ ಗಂಟು ಹಾಕಿದ ಹಿರಿಯ ನೇಕಾರ

ರೈಲಿನಲ್ಲಿ ಬೆರಳ ಗೆಣ್ಣಿನ ಮೇಲೆ ಎಣಿಸಿದೆ: 14, 14, 23. ಎದುರಿಗೆ ಕುಳಿತ ಹಿರಿಯರೊಬ್ಬರು ಯಾವ ಮಂತ್ರದ ಜಪ ಎಂದು ಕೇಳಿದರು. ಸರಿಯಿದೆ ಎಂಬ ನಂಬಿಕೆಯಿಂದ, ಪುಣ್ಯಸ್ಮರಣೆಯ ದಿನ ಹಾಡಬೇಕಾದ ಗಮಕಿಗಳ ಮನೆಗೆ ಹೋದೆ. ಎಂಬತ್ತು ಸಮೀಪಿಸಿದವರು. ಕಾಗದವನ್ನು ದೂರ ಹಿಡಿದು ಒಮ್ಮೆ ಕಣ್ಣಾಡಿಸಿ ಹಾಡಲು ತೊಡಗಿದರು. ಮೊದಲ ಸಾಲು ಹರಿದು ಹೋಯಿತು. ಎರಡನೆಯದರಲ್ಲಿ ‘ಕತ್ತಲಲ್ಲಿ’ ಎಂಬಲ್ಲಿ ದನಿ ತಡೆಯಿತು. ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಅಲ್ಲಿಯೇ ತಡೆಯಿತು.

“14 ಇದೆ” ಎಂದೆ.

“ಇದೆ. ಆದರೆ ಗುರು ಒಡೆದಿದೆ” ಎಂದರು.

ಗಮಕದಲ್ಲಿ ತಾಳದ ಕಟ್ಟಿಲ್ಲ, ಆದರೂ ನಡಿಗೆ ಇರುತ್ತದೆ. ‘ತಿಳಿದು’ ಮೂರು. ಮುಂದಿನ ಗಣಕ್ಕೆ ನಾಲ್ಕು ಬೇಕು: ‘ಕತ್’ ಎರಡು, ‘ತ’ ಒಂದು, ಇನ್ನೊಂದು ಮಾತ್ರೆ ಬೇಕು. ಆದರೆ ಅಲ್ಲಿ ನಿಂತಿರುವುದು ‘ಲಲ್’ ಎಂಬ ಗುರು, ಎರಡು ಮಾತ್ರೆ. ಒಂದು ಈ ಗಣಕ್ಕೆ, ಒಂದು ಮುಂದಿನ ಗಣಕ್ಕೆ ಎಂದು ಅದನ್ನು ಸೀಳಲು ಆಗುವುದಿಲ್ಲ. ಒಟ್ಟು ಮೊತ್ತ ಸರಿ ಬಂದರೂ ಹೆಜ್ಜೆ ತಪ್ಪುತ್ತದೆ. ಇದನ್ನು ನಾನು ಪದವಿ ತರಗತಿಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಗುರು ಲಘು ಗುರುತಿಸಿ ಪ್ರಸ್ತಾರ ಹಾಕಿ ಅಂಕ ಪಡೆದಿದ್ದೆ. ಅದು ನನ್ನ ಕಿವಿಗೆ ಇಳಿದಿರಲಿಲ್ಲ. ಎರಡನೆಯ ತಪ್ಪನ್ನೂ ಅವರೇ ತೋರಿಸಿದರು. ‘ಎಳೆ’, ‘ತಿಳಿ’ ಎಂದು ಳಕಾರದ ಪ್ರಾಸ ಹಿಡಿದು, ಮೂರನೆಯ ಸಾಲಿನಲ್ಲಿ ‘ನಿಲಿಸಿ’ ಎಂದು ಲಕಾರಕ್ಕೆ ಜಾರಿದ್ದೆ. “ನಿಮ್ಮ ಕಣ್ಣಿಗೆ ಎರಡೂ ಒಂದೇ ಕಾಣಬಹುದು. ಆ ನೇಕಾರ ಕೇಳಿದ್ದರೆ ತಲೆ ಎತ್ತಿ ನೋಡುತ್ತಿದ್ದ” ಎಂದರು. ಅವರು ಅವನನ್ನು ಬಲ್ಲವರು. ಶ್ರಾವಣದ ವಾಚನದಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದ, ಓದು ತಪ್ಪಿದರೆ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ ಎಂದು ನೆನೆದರು.

ನನ್ನ ಸಂಕಲನಗಳಿಗೆ ಬಂದ ವಿಮರ್ಶೆಗಳನ್ನು ಓದಿದ್ದೇನೆ. ಅವುಗಳಲ್ಲಿ ಯಾವುದೂ ಒಂದು ಅಕ್ಷರದ ಮೇಲೆ ಬೆರಳಿಟ್ಟು ಇಲ್ಲಿ ನಿಂತಿತು ಎಂದು ಹೇಳಿರಲಿಲ್ಲ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದೇ ತನ್ನ ಹೆಗ್ಗಳಿಕೆ ಎಂದು ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ನಾನು ಆ ಮೂರು ಸಾಲಿಗೆ ಹನ್ನೊಂದು ಪುಟ ಅಳಿಸಿದೆ. ತಿದ್ದುವ ದಾರಿ ಕೊನೆಗೆ ಸಿಕ್ಕಿದ್ದು ಅವನ ರೀತಿಯಲ್ಲಿಯೇ, ಮಾತನ್ನು ಸಾಲಿನ ಅಂಚಿನಲ್ಲಿ ಮುರಿದು ಮುಂದಿನ ಸಾಲಿಗೆ ದಾಟಿಸುವುದರಲ್ಲಿ. ‘ನಿಲಿಸಿ’ಯನ್ನು ಎರಡನೆಯ ಸಾಲಿನ ಒಳಗೆ ತಂದೆ, ‘ಕತ್ತಲೆಯೊಳಗೆ’ ಎಂಬುದನ್ನು ಎರಡಾಗಿ ಹಂಚಿದೆ. ಮೂರನೆಯ ಸಾಲಿಗೆ ಬೇಕಾದ ಳಕಾರ ತಾನಾಗಿ ಒದಗಿತು. ಇಡೀ ಪದ್ಯ ಹೀಗೆ ನಿಂತಿತು:

ಎಳೆಯು ಹರಿದುದ ಬೆರಳ ತುದಿಯಲಿ
ತಿಳಿದು ಮಗ್ಗವ ನಿಲಿಸಿ ಕತ್ತಲೆ
ಯೊಳಗೆ ಕಾಣದ ಗಂಟು ಹಾಕಿದ ಹಿರಿಯ ನೇಕಾರ
ಹಳೆಯ ಲಾಳಿಯ ಹಿಡಿದು ಮೊಮ್ಮಗ
ಕುಳಿತ ಹೊತ್ತಲಿ ಕುಣಿಯ ಮಗ್ಗುಲೊ
ಳುಳಿದುಕೊಂಡಿದೆ ನಿನ್ನ ಕೆಮ್ಮಿನ ಸಣ್ಣ ದನಿಯಿನ್ನೂ

ಒಂದು ಪದದ ತಕರಾರು

ಮಗ ಓದಿ ಬಹಳ ಹೊತ್ತು ಸುಮ್ಮನಿದ್ದರು. ತಂದೆಯನ್ನು ‘ನಿನ್ನ’ ಎನ್ನಬಹುದೇ ಎಂದು ಮೊದಲು ಕೇಳಿದರು. ದೇವರನ್ನೂ ಹಾಗೆಯೇ ಕರೆಯುತ್ತೇವಲ್ಲ ಎಂದಾಗ ಸಮಾಧಾನವಾಯಿತು. ಆಮೇಲೆ ಕೊನೆಯ ಸಾಲಿಗೆ ಬಂದರು. ಕೆಮ್ಮು ಬೇಡ ಎಂದರು. ಅದು ರೋಗದ ಮಾತು. ಕಾರ್ಡು ಬೀಗರ ಮನೆಗಳಿಗೂ ಹೋಗುತ್ತದೆ. ಕೊನೆಯ ಎರಡು ವರ್ಷ ಆಸ್ಪತ್ರೆಗೆ ಅಲೆದದ್ದು ಆ ಕೆಮ್ಮಿಗಾಗಿಯೇ. ಅವರ ಕಿವಿಯಲ್ಲಿ ಇದ್ದದ್ದು ಆ ಕೊನೆಯ ಕೆಮ್ಮು. “ನಗು ಎಂದು ಮಾಡಿಕೊಡಿ” ಎಂದರು.

ಇಲ್ಲಿಯವರೆಗೆ ಸಂದೇಹ ಬಂದಾಗಲೆಲ್ಲ ಛಂದಸ್ಸು ತೀರ್ಪು ಕೊಟ್ಟಿತ್ತು. ಈ ಸಲ ಎಣಿಸಿ ನೋಡಿದೆ. ‘ಕೆಮ್ಮಿನ’: ಒಂದು ಗುರು, ಎರಡು ಲಘು, ನಾಲ್ಕು ಮಾತ್ರೆ. ‘ನಗುವಿನ’: ನಾಲ್ಕು ಲಘು, ನಾಲ್ಕು ಮಾತ್ರೆ. ಎರಡೂ ಸಲೀಸಾಗಿ ಕೂರುತ್ತವೆ. ಗಮಕಿಗಳನ್ನು ಕೇಳಿದೆ. ಎರಡನ್ನೂ ಹಾಡಿ ನೋಡಿದರು. ‘ನಗುವಿನ’ ಎಂಬಲ್ಲಿ ದನಿ ಜಾರಿ ಹೋಗುತ್ತದೆ, ‘ಕೆಮ್ಮಿನ’ ಎಂಬಲ್ಲಿ ಮಕಾರದ ಮೇಲೆ ಒಂದು ಗಳಿಗೆ ತುಟಿ ಮುಚ್ಚಿ ನಿಲ್ಲುತ್ತದೆ, ಎರಡೂ ತಪ್ಪಲ್ಲ ಎಂದರು. ಉಳಿದದ್ದನ್ನು ಮನೆಯವರು ನೋಡಿಕೊಳ್ಳಬೇಕು ಎಂದು ಕಾಗದ ಮರಳಿಸಿದರು.

ನಾನು ಕೆಮ್ಮಿನ ಪರವಾಗಿದ್ದೆ, ಈಗಲೂ ಇದ್ದೇನೆ. ನಗು ಎಂದರೆ ಮೊದಲ ಕರಡಿನ ‘ಸರಳ ಜೀವನ’ ಹಿಂಬಾಗಿಲಿನಿಂದ ಮರಳಿ ಬಂದಂತೆ. ಆದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ರಾತ್ರಿ ಕಳೆದವನು ನಾನಲ್ಲ, ಆ ಮಗ. ಪದ್ಯ ಬರೆದ ಮಾತ್ರಕ್ಕೆ ಅವರ ತಂದೆಯ ನೆನಪಿನ ಮೇಲೆ ನನಗೆ ಹಕ್ಕು ಬರುತ್ತದೆಯೇ? ಈ ಪ್ರಶ್ನೆಯನ್ನು ನಾಲ್ಕು ದಿನ ರೈಲಿನಲ್ಲಿ ಹೊತ್ತು ತಿರುಗಿದೆ. ಕೊನೆಗೆ ಎರಡೂ ರೂಪಗಳನ್ನು ಒಂದೇ ಹಾಳೆಯ ಮೇಲೆ ಬರೆದು, ನನಗೆ ಯಾವುದು ಸರಿ ಕಾಣುತ್ತದೆ ಮತ್ತು ಏಕೆ ಎಂದು ಎರಡು ಸಾಲು ಸೇರಿಸಿ ಕೊಟ್ಟೆ. ತೀರ್ಮಾನವನ್ನು ಅವರಿಗೆ ಬಿಟ್ಟೆ. ಅಂದು ಹತ್ತೊಂಬತ್ತನೆಯ ದಿನ. ಮುದ್ರಣಾಲಯದವರು ಸಂಜೆಯೊಳಗೆ ಹೇಳಿ ಎಂದು ಅವಸರಿಸುತ್ತಿದ್ದರು. ಕಾರ್ಡು ‘ನಗುವಿನ’ ಎಂದೇ ಅಚ್ಚಾಯಿತು.

ಹಾಳೆಯನ್ನು ಮಗ ತಾಯಿಗೆ ಓದಿ ಹೇಳಿದ್ದು ಅದಾದ ಮೇಲೆ. ಅಜ್ಜಿ ಎರಡನ್ನೂ ಕೇಳಿದರು. “ಅವರು ನಕ್ಕದ್ದು ಯಾರಿಗೆ ಕೇಳಿಸುತ್ತಿತ್ತು?” ಎಂದಷ್ಟೇ ಕೇಳಿದರಂತೆ. ಮಗ ರಾತ್ರಿಯೇ ಗಮಕಿಗಳ ಮನೆಗೆ ಹೋಗಿ, ಹಾಡುವಾಗ ಕೆಮ್ಮು ಎಂದೇ ಹಾಡಿ ಎಂದು ಹೇಳಿ ಬಂದರು. ಇದನ್ನು ನನಗೆ ತಿಳಿಸಿದಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ.

ಪುಣ್ಯಸ್ಮರಣೆಯ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮಗ್ಗವನ್ನು ಸರಿಸಿರಲಿಲ್ಲ, ಸರಿಸಲು ಬರುವುದೂ ಇಲ್ಲ. ಜನ ಅದರ ಸುತ್ತ ಕುಳಿತರು. ಕಾರ್ಡು ಕೈಯಲ್ಲಿ ಹಿಡಿದು ಓದಿಕೊಳ್ಳುತ್ತಿದ್ದವರು ಕೊನೆಯ ಸಾಲಿಗೆ ಬೇರೆ ಪದ ಕೇಳಿ ತಲೆ ಎತ್ತಿದರು. ಗಮಕಿಗಳು ಅಲ್ಲಿ ತುಟಿ ಮುಚ್ಚಿ, ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತರು. ಪಡಸಾಲೆಯಲ್ಲಿ ಯಾರೂ ಮಿಸುಕಲಿಲ್ಲ. ಆಮೇಲೆ ವಿರಾಟ ಪರ್ವದ ವಾಚನ ನಡೆಯಿತು.

ಒಪ್ಪಿದ ಹಣವನ್ನು ಲಕೋಟೆಯಲ್ಲಿಟ್ಟು ಕೊಟ್ಟರು, ಜೊತೆಗೆ ಆ ಮಗ್ಗದ ಮೇಲೆ ನೇಯ್ದ ಒಂದು ಸೀರೆಯನ್ನೂ ಕೊಟ್ಟರು. ಹೊರಡುವಾಗ ಅಜ್ಜಿ ನನ್ನ ಕೈಬರಹದ ಹಾಳೆ ತಮಗೆ ಬೇಕು ಎಂದರು. ಅವರಿಗೆ ಓದಲು ಬರುವುದಿಲ್ಲ. ಕೆಮ್ಮು ಎಂದು ಬರೆದದ್ದು ಎಲ್ಲಿದೆ ತೋರಿಸು ಎಂದು ಕೇಳಿ, ತೋರಿಸಿದ ಮೇಲೆ ಆ ಅಕ್ಷರಗಳ ಮೇಲೆ ಬೆರಳ ತುದಿಯನ್ನು ಒಮ್ಮೆ ಆಡಿಸಿದರು.